ಶಿಬಿರಕ್ಕೊಂದು ಚಾಕು: ಆರಿಸುವುದು ಹೇಗೆ?

ಪರೀಕ್ಷೆಗಳು ಮುಗಿದು ರಜೆ ಬಂದೊಡನೆ ನಮ್ಮ ತರುಣರ ಮನಸ್ಸು ಬೆಟ್ಟಗಳ ಕಡೆಗೆ ಹರಿಯುವುದು ಸಹಜ. ಡೇರೆ, ಹಗ್ಗ, ನೀರಿನ ಸೀಸೆ, ಟಾರ್ಚು ಮೊದಲಾದವುಗಳ ಪಟ್ಟಿಯಲ್ಲಿ ಒಂದು ಚಾಕುವೂ ಇರತಕ್ಕದ್ದೇ. ಉಳಿದ ವಸ್ತುಗಳಿಗಾಗಿ ನಾಲ್ಕು ಅಂಗಡಿ ಸುತ್ತಿ ವಿಚಾರಿಸುವ ವಿದ್ಯಾರ್ಥಿಯು ಚಾಕುವಿನ ವಿಷಯದಲ್ಲಿ ಮಾತ್ರ ಕಣ್ಣಿಗೆ ಚೆನ್ನಾಗಿ ಕಂಡದ್ದನ್ನು ಕೊಂಡು ತರುತ್ತಾನೆ. ಅವನನ್ನು ನಾವು ದೂರುವಂತಿಲ್ಲ. ನಾವೇ ಒಮ್ಮೆ ಹಾಗೆ ಮಾಡಿದ್ದುಂಟು.

ಕೆಲವು ವರ್ಷಗಳ ಹಿಂದೆ ಹನ್ನೆರಡು ಮಂದಿ ವಿದ್ಯಾರ್ಥಿಗಳೊಡನೆ ಮಲೆನಾಡಿನ ಒಂದು ಅಡಕೆ ತೋಟದ ಅಂಚಿನಲ್ಲಿ, ಯಜಮಾನರ ಅನುಮತಿ ಪಡೆದು, ಡೇರೆ ಹೂಡಿದ್ದೆವು. ಚಾಕುವನ್ನು ಕೊಂಡವನು ಒಬ್ಬ ಹುಡುಗ. ಅಂಗಡಿಯಲ್ಲಿ ಅದನ್ನು ಕೈಗೆತ್ತಿಕೊಂಡು ನೋಡಿ ಒಪ್ಪಿಗೆ ಕೊಟ್ಟವರು ನಾವು. ನೋಡುವುದಕ್ಕೆ ಅದು ಭವ್ಯವಾಗಿತ್ತು. ಒಂದು ಗೇಣುದ್ದದ ಹೊಳೆಯುವ ಅಲಗು, ಬೆನ್ನಿನ ಮೇಲೆ ಗರಗಸದ ಹಲ್ಲುಗಳು, ಟೊಳ್ಳಾದ ಹಿಡಿ, ಹಿಡಿಯ ತುದಿಯಲ್ಲಿ ತಿರುಗಿಸಿ ತೆಗೆಯುವ ಮುಚ್ಚಳ, ಮುಚ್ಚಳದಲ್ಲೊಂದು ದಿಕ್ಸೂಚಿ, ಒಳಗೆ ಬೆಂಕಿಕಡ್ಡಿ, ಗಾಳ, ಸೂಜಿ, ದಾರ! ೧೯೮೨ರಲ್ಲಿ ತೆರೆ ಕಂಡ 'ಫಸ್ಟ್ ಬ್ಲಡ್' ಎಂಬ ಅಮೆರಿಕದ ಚಲನಚಿತ್ರದ ನಾಯಕನ ಕೈಯಲ್ಲಿ ಇಂಥದೊಂದು ಚಾಕು ಇತ್ತು. ಅದನ್ನು ನುರಿತ ಕುಶಲಿಯೊಬ್ಬನು ಮಾಡಿದ್ದನು. ಅದರ ಅನುಕರಣಗಳನ್ನು ಯಾರು ಯಾರೋ ಮಾಡಿದರು.

ಆ ಸಂಜೆ ಮಳೆ ಬಂದು ಸೌದೆಯೆಲ್ಲ ನೆನೆದಿತ್ತು. ನೆನೆದ ಸೌದೆಯ ಹೊರಮೈ ಒದ್ದೆಯಾಗಿದ್ದರೂ ಒಳತಿರುಳು ಸಾಮಾನ್ಯವಾಗಿ ಒಣಗಿಯೇ ಇರುವುದರಿಂದ, ಕಟ್ಟಿಗೆಯನ್ನು ಸೀಳಿ ಒಳಗಿನ ಭಾಗದಿಂದ ಬೆಂಕಿ ಹೊತ್ತಿಸಬೇಕು. ಹುಡುಗನು ಅಲಗನ್ನು ಕಟ್ಟಿಗೆಯ ತಲೆಯ ಮೇಲಿಟ್ಟು ಅದರ ಬೆನ್ನಿಗೆ ಕೊರಡಿನಿಂದ ಹೊಡೆದನು. ಮೂರನೆಯ ಪೆಟ್ಟಿಗೆ ಹಿಡಿ ಅವನ ಕೈಯಲ್ಲಿ ಉಳಿಯಿತು; ಅಲಗು ಎಗರಿ ಪಕ್ಕದಲ್ಲಿ ಕಟ್ಟಿಗೆಯನ್ನು ಹಿಡಿದಿದ್ದ ಗೆಳೆಯನ ಅಂಗೈಯನ್ನು ಅಡ್ಡಲಾಗಿ ಸೀಳಿತು. ಶುಭ್ರವಾದ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿದು, ಕತ್ತಲೆಯಲ್ಲಿ ತಾಲ್ಲೂಕು ಕೇಂದ್ರದವರೆಗೆ ಹೋಗಿ ಐದು ಹೊಲಿಗೆ ಹಾಕಿಸಬೇಕಾಯಿತು.

ಬೆಳಿಗ್ಗೆ ತೋಟದ ಆಳು ಬಂದು, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ತನ್ನ ಕರಿಯ ಕತ್ತಿಯಿಂದ ಅದೇ ಕಟ್ಟಿಗೆಯನ್ನು ಕಡ್ಡಿ ಕಡ್ಡಿಯಾಗಿ ಸೀಳಿಕೊಟ್ಟನು. ಬಳಿಕ ಮುರಿದ ಚಾಕುವನ್ನು ತಿರುಗಿಸಿ ನೋಡಿ, "ಎಷ್ಟು ಕೊಟ್ರಿ ಮೇಷ್ಟ್ರೆ, ಇದಕ್ಕೆ?" ಎಂದು ಕೇಳಿದನು. ಹೇಳಿದೆವು. "ಆ ದುಡ್ಡಿಗೆ ನಮ್ಮ ಆಚಾರಿ ಮೂರು ಮಾಡಿಕೊಡ್ತಿದ್ದ" ಎಂದು ಅದನ್ನು ಕೆಳಗಿಟ್ಟನು.

ಆ ಮಾತು ನಮ್ಮನ್ನು ಚಾಕುವಿನ ಶಾಸ್ತ್ರಕ್ಕೆ ಎಳೆಯಿತು.

ಮುರಿದ ಚಾಕುವಿನ ಹಿಡಿಯೊಳಗೆ ಇದ್ದುದೇನು? ಅಗಲವಾದ ಅಲಗು ಹಿಡಿಯ ಬಾಯಿಯಲ್ಲಿಯೇ ಮುಗಿದು, ಅಲ್ಲಿಂದ ಮುಂದೆ ಪೆನ್ಸಿಲಿನಷ್ಟು ದಪ್ಪದ ತಿರುಪು ಕೊರೆದ ಕಂಬಿಯೊಂದು ಒಂದು ನಟ್ಟಿನಿಂದ ಅದನ್ನು ಹಿಡಿದು ನಿಲ್ಲಿಸಿತ್ತು. ಅಲಗಿನ ಉಕ್ಕು ಹಿಡಿಯೊಳಕ್ಕೆ ಮುಂದುವರಿಯುವ ಭಾಗವನ್ನು ನಾವು ಇಲ್ಲಿ 'ಬಾಲ' ಎಂದು ಕರೆಯೋಣ. ಚಾಕು ಮಡಚದೆ ಇರಬೇಕೆಂದು ನಾವು ಬಯಸುವುದೇ ಈ ಬಾಲಕ್ಕಾಗಿ. ಮಡಚುವ ಚಾಕುವಿನಲ್ಲಿ ಈ ಸ್ಥಳದಲ್ಲಿ ಬರಿಯ ಕೀಲು ಇರುತ್ತದೆ. ಮಡಚದ ಚಾಕುವನ್ನು ಕೊಂಡು ಬಾಲವನ್ನು ಕಳೆದುಕೊಂಡರೆ ಪ್ರಯೋಜನವೇನು?

ಸ್ವಲ್ಪ ಲೆಕ್ಕ ಮಾಡಿ ನೋಡೋಣ. ಹಿಡಿಯಿಂದ ೧೦ ಸೆಂ.ಮೀ. ದೂರದಲ್ಲಿ ಅಲಗಿನ ಮೇಲೆ ೧೦ ಕಿಲೋಗ್ರಾಂ ತೂಕದಷ್ಟು ಬಲ ಬೀಳುತ್ತದೆಂದು ಭಾವಿಸಿ. ಸನ್ನೆಕೋಲಿನ ನಿಯಮದಂತೆ ಹಿಡಿಯ ಬಾಯಿಯಲ್ಲಿ ಬಾಗಿಸುವ ಬಲದ ಪರಿಣಾಮ ೧೦೦ ಕಿಲೋಗ್ರಾಂ-ಸೆಂಟಿಮೀಟರು. ಅಲ್ಲಿ ೬ ಮಿ.ಮೀ. ವ್ಯಾಸದ ದುಂಡು ಕಂಬಿ ಇದ್ದರೆ ಅದರ ಹೊರಮೈಯಲ್ಲಿ ಉಂಟಾಗುವ ಪೀಡನ ಚದರ ಸೆಂಟಿಮೀಟರಿಗೆ ಸುಮಾರು ೪,೭೦೦ ಕಿಲೋಗ್ರಾಂ ಆಗುತ್ತದೆ. ಮೃದುವಾದ ಸಾಧಾರಣ ಉಕ್ಕು ೨,೫೦೦ರ ಸುಮಾರಿಗೇ ಸೋತು ಬಾಗತೊಡಗುತ್ತದೆ. ತಿರುಪು ಕೊರೆದ ಕಂಬಿಯಾದರೆ ಆ ಗೀರುಗಳ ತಳದಲ್ಲಿ ಪೀಡನ ಇನ್ನಷ್ಟು ಒಟ್ಟುಗೂಡಿ ಬಿರುಕಿಗೆ ದಾರಿ ಮಾಡಿಕೊಡುತ್ತದೆ. ಅದೇ ಜಾಗದಲ್ಲಿ ೨೦ ಮಿ.ಮೀ. ಅಗಲ, ೩ ಮಿ.ಮೀ. ದಪ್ಪದ ಚಪ್ಪಟೆ ಬಾಲವಿದ್ದರೆ ಪೀಡನ ಕೇವಲ ೫೦೦! ಕಂಬಿಯ ಇಮ್ಮಡಿಯಷ್ಟೇ ಉಕ್ಕನ್ನು ಬಳಸಿ ಪೀಡನವನ್ನು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಸಿದಂತಾಯಿತು. ನಮ್ಮ ಹುಡುಗನ ಅಲಗಂತೂ ೧೦ ಸೆಂ.ಮೀ.ಗಿಂತ ಬಹಳ ಉದ್ದವಾಗಿತ್ತು. ಕೊರಡಿನ ಪೆಟ್ಟಿನ ಬಲ ಹತ್ತು ಕಿಲೋಗ್ರಾಮಿಗೆ ನಿಲ್ಲುವಂಥದೂ ಅಲ್ಲ.

ಇನ್ನು ಉಕ್ಕಿನ ವಿಚಾರ. ಅಂಗಡಿಕಾರನು ಅಲಗಿನ ಮೇಲೆ ಮುದ್ರಿಸಿದ ಅಂಕೆಗಳನ್ನು ತೋರಿಸಿ ಬೆಲೆಯನ್ನು ಏರಿಸಬಹುದು. ಆದರೆ ಉಕ್ಕಿನ ಹೆಸರಿಗಿಂತ ಅದಕ್ಕೆ ಕೊಟ್ಟ ಹದ ಮುಖ್ಯವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಕಬ್ಬಿಣದಲ್ಲಿ ನೂರಕ್ಕೆ ೦.೩ಕ್ಕಿಂತ ಕಡಮೆ ಇಂಗಾಲವಿದ್ದರೆ ಎಷ್ಟು ಕಾಯಿಸಿ ನೀರಿಗೆ ಹಾಕಿದರೂ ಅದು ಚಾಕುವಿಗೆ ಬೇಕಾದಷ್ಟು ಗಡುಸಾಗುವುದಿಲ್ಲ. ನೂರಕ್ಕೆ ೦.೬ರಿಂದ ೧ರವರೆಗೆ ಇಂಗಾಲವಿರುವ ಉಕ್ಕನ್ನು ಸುಮಾರು ೮೦೦ ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದಾಗ ಇಂಗಾಲದ ಪರಮಾಣುಗಳು ಕಬ್ಬಿಣದ ಹರಳುಗಳೊಳಗೆ ಕರಗುತ್ತವೆ. ಥಟ್ಟನೆ ಎಣ್ಣೆಗೋ ನೀರಿಗೋ ಅದ್ದಿದರೆ ಅವು ಹೊರಬರಲು ಸಮಯವಿಲ್ಲದೆ ಒಳಗೇ ಸಿಕ್ಕಿಬೀಳುತ್ತವೆ. ಹರಳುಗಳು ಸೆಡೆತು, 'ಮಾರ್ಟೆನ್ಸೈಟ್' ಎಂಬ ಅತಿ ಗಡುಸಾದ ರೂಪ ಹುಟ್ಟುತ್ತದೆ. ಈ ಸ್ಥಿತಿಯಲ್ಲಿ ಅಲಗು ಗಾಜಿನಂತೆ ಪೆಡಸು. ಕೆಳಕ್ಕೆ ಬಿದ್ದರೂ ಮುರಿದೀತು. ಆದಕಾರಣ ಅದನ್ನು ಮತ್ತೆ ಸುಮಾರು ೨೦೦ ಡಿಗ್ರಿಗೆ ಹದವಾಗಿ ಕಾಯಿಸುತ್ತಾರೆ. ಆಗ ಗಡಸುತನ ಸ್ವಲ್ಪ ಇಳಿದು ತಾಳಿಕೆ ಬಹಳ ಹೆಚ್ಚುತ್ತದೆ. ಉಜ್ಜಿ ಹೊಳಪು ತಂದ ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣ ಮೂಡುವುದನ್ನು ನೋಡಿ ಕಮ್ಮಾರನು ಈ ಹದವನ್ನು ಗುರುತಿಸುತ್ತಾನೆ. ಅವನಿಗೆ ಉಷ್ಣಮಾಪಕ ಬೇಕಾಗಿಲ್ಲ. (ಉಕ್ಕಿನ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿದ್ವಾಂಸನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ 'ವೂಟ್ಜ್' ಎಂಬ ಭಾರತೀಯ ಉಕ್ಕಿನ ಪರೀಕ್ಷೆಗಳನ್ನು ವಿವರಿಸಿದನು. ಆ ಹೆಸರು ನಮ್ಮ 'ಉಕ್ಕು' ಎಂಬ ಮಾತಿನ ಅಪಭ್ರಂಶವೆಂದೇ ಬಹುಮಂದಿಯ ಅಭಿಪ್ರಾಯ.)

ತುಕ್ಕು ಹಿಡಿಯದ ಉಕ್ಕು ಬೇಕೇ? ಅದರಲ್ಲಿಯೂ ಎಲ್ಲವೂ ಒಂದೇ ಅಲ್ಲ. ನಮ್ಮ ಮನೆಗಳ ಊಟದ ಚಮಚಗಳಲ್ಲಿ ಹಲವು ನೂರಕ್ಕೆ ೧೮ ಭಾಗ ಕ್ರೋಮಿಯಂ, ೮ ಭಾಗ ನಿಕಲ್ ಇರುವ ಉಕ್ಕಿನಿಂದಾದವು. ಈ ಉಕ್ಕು ತುಕ್ಕನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಕಾಯಿಸಿ ಅದ್ದುವುದರಿಂದ ಗಡುಸಾಗುವುದಿಲ್ಲ. ಅಯಸ್ಕಾಂತಕ್ಕೆ ಇದು ಅಂಟುವುದಿಲ್ಲವೆಂದೇ ಹೇಳಬಹುದು. ಚಾಕುವಿಗೆ ಬೇಕಾದ ಉಕ್ಕು ಅಂಟುತ್ತದೆ. ಆದ್ದರಿಂದ ಜೇಬಿನಲ್ಲೊಂದು ಪುಟ್ಟ ಅಯಸ್ಕಾಂತವನ್ನಿಟ್ಟುಕೊಂಡು ಅಂಗಡಿಗೆ ಹೋಗುವುದು ಒಳ್ಳೆಯದು. ಅಂಟದ ಅಲಗನ್ನು ಅಲ್ಲಿಯೇ ಬಿಟ್ಟುಬನ್ನಿ. ಅಂಟಿದ ಮಾತ್ರಕ್ಕೆ ಒಳ್ಳೆಯದೆಂದು ನಂಬಬೇಡಿ; ಮೃದುವಾದ ಕಬ್ಬಿಣವೂ ಅಂಟುತ್ತದಷ್ಟೆ.

ಕಡಮೆ ಬೆಲೆಗೆ ಒಳ್ಳೆಯ ಚಾಕು ಸಾಧ್ಯವೇ ಎಂದು ಸಂಶಯಪಡುವವರಿಗೆ ಸ್ವೀಡನ್ನಿನ ಮೋರಾ ಎಂಬ ಊರಿನ ಉದಾಹರಣೆ ಉಂಟು. ದಾಲರ್ನಾ ಪ್ರಾಂತದಲ್ಲಿ, ಸಿಲ್ಯಾನ್ ಸರೋವರದ ದಡದಲ್ಲಿರುವ ಈ ಊರಿನ ಸುತ್ತಮುತ್ತ ಚಾಕು ಮಾಡುವ ಕಸಬು ಶತಮಾನಗಳಿಂದ ನಡೆದುಬಂದಿದೆ. ೧೮೯೧ರಲ್ಲಿ, ಅಮೆರಿಕದಿಂದ ಮರಳಿ ಬಂದ ಫ್ರಾಸ್ಟ್ ಎರಿಕ್ ಎಂಬಾತನು ಸಮೀಪದ ಓಸ್ಟ್‌ನೋರ್ ಹಳ್ಳಿಯಲ್ಲಿ ಮರದ ದಿಮ್ಮಿ ಸಾಗಿಸುವ ಜಾರುಬಂಡಿಗಳ ಕಾರ್ಖಾನೆಯನ್ನು ತೆರೆದನು. ಅಲ್ಲಿಯ ಕೆಲಸಕ್ಕೆಂದು ಮಾಡಿದ ಚಾಕುಗಳೇ ಕಾಲಕ್ರಮದಲ್ಲಿ ಮುಖ್ಯ ಉತ್ಪನ್ನವಾದುವು. ಇಂದು ಆ ಊರಿನ ಸಾಧಾರಣ ಚಾಕು ಬಡಗಿಗಳ, ಬೆಸ್ತರ, ಶಾಲಾಬಾಲಕರ ಚಾಕು. ಪ್ಲಾಸ್ಟಿಕ್ ಹಿಡಿ, ಪ್ಲಾಸ್ಟಿಕ್ ಒರೆ, ಸುಮಾರು ೧೦ ಸೆಂ.ಮೀ. ಉದ್ದ, ಎರಡೂವರೆ ಮಿ.ಮೀ. ದಪ್ಪದ ಅಲಗು, ಅಲಂಕಾರವೆಂಬುದು ಇಲ್ಲವೇ ಇಲ್ಲ. ಅದರ ತುಕ್ಕು ಹಿಡಿಯದ ಬಗೆಯಲ್ಲಿ ನೂರಕ್ಕೆ ೦.೬ರಷ್ಟು ಇಂಗಾಲ, ೧೩.೫ರಷ್ಟು ಕ್ರೋಮಿಯಂ ಮಾತ್ರ ಇದ್ದು, ಯಾವ ಅಪರೂಪದ ಲೋಹವೂ ಸೇರಿಲ್ಲ. ಬೆಲೆ ಉಳಿದದ್ದು ಅಲಂಕಾರದಲ್ಲಿ. ಹದದಲ್ಲಿ ಉಳಿಸಲು ಅವರು ಹೋಗಲಿಲ್ಲ. ಸ್ವಾರಸ್ಯವೆಂದರೆ ಈ ಚಾಕುವಿನ ಬಾಲ ಹಿಡಿಯ ಕೊನೆಯವರೆಗೂ ಹೋಗುವುದಿಲ್ಲ. ಆದರೂ ಅದು ಅಗಲವಾಗಿದ್ದು, ಹಿಡಿಯನ್ನು ಅದರ ಸುತ್ತಲೇ ಎರಕ ಹೊಯ್ದಿರುವುದರಿಂದ ಸಣ್ಣ ಕಟ್ಟಿಗೆಗೆ ಸಾಕಾಗುತ್ತದೆ. ಬಾಲ ಪೂರ್ತಿ ಉದ್ದವಿದ್ದರೆ ಉತ್ತಮ, ಅಗಲವಿಲ್ಲದಿದ್ದರೆ ಮಾತ್ರ ಕೂಡದು ಎಂದು ನಮ್ಮ ಅಭಿಪ್ರಾಯ.

ನಮ್ಮಲ್ಲಿಗೆ ತರಿಸಿದರೆ ಸಾಗಣೆ ಮತ್ತು ಸುಂಕ ಸೇರಿ ಅದರ ಅಗ್ಗತನ ಬಹುಪಾಲು ಕರಗಿಹೋಗುತ್ತದೆ. ಊರಿನ ಕಮ್ಮಾರನ ಕುಲುಮೆಯನ್ನು ಹುಡುಕಿಕೊಂಡು ಹೋಗುವುದು ವಿದ್ಯಾರ್ಥಿಗೆ ಹೆಚ್ಚು ಲಾಭಕರ. ಹಳೆಯ ಲಾರಿಯ ಕಮಾನು ಪಟ್ಟಿಯ ಉಕ್ಕಿನಲ್ಲಿ ಚಾಕುವಿಗೆ ಸಾಲುವಷ್ಟು ಇಂಗಾಲವಿರುತ್ತದೆ. ಬಾಗಿ ಮರಳುವುದೇ ಅದರ ಕೆಲಸವಾದ್ದರಿಂದ ತಾಳಿಕೆಗೂ ಕೊರತೆಯಿಲ್ಲ. ಅಲಗನ್ನು ೧೦ರಿಂದ ೧೨ ಸೆಂ.ಮೀ. ಉದ್ದಕ್ಕೆ, ಬೆನ್ನಿನಲ್ಲಿ ೩ ಮಿ.ಮೀ. ದಪ್ಪಕ್ಕೆ ಬಡಿದುಕೊಡಲು ಹೇಳಿ. ಹೆಚ್ಚು ದಪ್ಪ ಬೇಡ. ಪಟ್ಟಿಯ ದಪ್ಪ ಇಮ್ಮಡಿಯಾದರೆ ಅದು ಬಳುಕದೆ ನಿಲ್ಲುವ ಶಕ್ತಿ ಎಂಟುಮಡಿಯಾಗುತ್ತದೆಂಬುದು ದಿಟ. ಆದರೆ ಚಾಕು ಸನ್ನೆಕೋಲಲ್ಲ. ದಪ್ಪನೆಯ ಅಲಗು ಕ್ಯಾರೆಟ್ಟನ್ನು ಕೊಯ್ಯುವ ಬದಲು ಬಿರಿಯಿಸುತ್ತದೆ, ಹಗ್ಗವನ್ನು ಜಜ್ಜುತ್ತದೆ. ಶಿಬಿರದಲ್ಲಿ ಚಾಕುವಿನ ಕೆಲಸವೆಲ್ಲ ಬಹುಮಟ್ಟಿಗೆ ತರಕಾರಿ, ಹಗ್ಗ, ಡೇರೆಯ ಗೂಟ ಇವೇ. ಮರ ಕಡಿಯಲು ಮಚ್ಚು ಬೇರೆ ಇದೆ. ಅಭಯಾರಣ್ಯಗಳಲ್ಲಿ ಕಡ್ಡಿ ಕಡಿಯುವುದೂ ಬೆಂಕಿ ಹಾಕುವುದೂ ನಿಷಿದ್ಧವೆಂಬುದನ್ನು ಬೇರೆಯಾಗಿ ಹೇಳಬೇಕಾದುದಿಲ್ಲವಷ್ಟೆ.

ಹದ ಸರಿಯಾಗಿದೆಯೆ ಎಂಬುದನ್ನು ಅರದಿಂದ ತಿಳಿಯಬಹುದು. ಒಳ್ಳೆಯ ಅರ ಚಾಕುವಿಗಿಂತ ಗಡುಸು. ಬಾಯಿಯ ಬಳಿ ಮೆಲ್ಲನೆ ಎಳೆದಾಗ ಅರ ಬಹುಮಟ್ಟಿಗೆ ಜಾರಿ, ಸ್ವಲ್ಪವೇ ಕಚ್ಚಿದರೆ ಹದ ಸರಿ. ಬೆಣ್ಣೆಯ ಮೇಲೆ ಹೋದಂತೆ ಪುಡಿ ಉದುರಿಸುತ್ತ ಹೋದರೆ ಅಲಗು ಮೆತ್ತಗಿದೆ. ಒಂದೇ ದಿನದಲ್ಲಿ ಮೊಂಡಾಗುತ್ತದೆ. ಅಂಗಡಿಯಲ್ಲಿ ಇದಕ್ಕೆ ಅವಕಾಶ ಕೊಡಲಾರರು. ಕುಲುಮೆಯಲ್ಲಿ ಕಮ್ಮಾರನೇ ಮಾಡಿ ತೋರಿಸುತ್ತಾನೆ.

ಹಿಡಿಯನ್ನು ಒದ್ದೆ ಕೈಯಿಂದ ಹಿಡಿದು ನೋಡಿ. ನುಣುಪಾದ ಹಿಡಿ ಜಾರಿದರೆ ಬೆರಳುಗಳು ಹರಿತವಾದ ಬಾಯಿಯ ಮೇಲೆ ಹೋಗುತ್ತವೆ; ಆದ್ದರಿಂದ ಹಿಡಿ ಅಲಗನ್ನು ಸೇರುವೆಡೆಯಲ್ಲಿ ಬೆರಳಿಗೆ ತಡೆಯಾಗುವ ಒಂದು ಉಬ್ಬು ಇರಲೇಬೇಕು. ಒರೆಯನ್ನು ತಲೆಕೆಳಗು ಮಾಡಿ ಅಲುಗಾಡಿಸಿದರೂ ಚಾಕು ಬೀಳಕೂಡದು. ಉದ್ದದ ಮೋಹ ಬೇರೊಂದು ಕಾರಣದಿಂದಲೂ ಬೇಡ: ನಮ್ಮ ದೇಶದ ಶಸ್ತ್ರಾಸ್ತ್ರ ನಿಯಮಗಳು ಮನೆ, ಬೇಸಾಯ ಮೊದಲಾದ ಕೆಲಸಗಳಿಗಲ್ಲದ, ೯ ಅಂಗುಲಕ್ಕಿಂತ ಉದ್ದ ಅಥವಾ ೨ ಅಂಗುಲಕ್ಕಿಂತ ಅಗಲದ ಅಲಗನ್ನು ಆಯುಧಗಳ ಸಾಲಿಗೆ ಸೇರಿಸುತ್ತವೆ. ಚಿಕ್ಕ ಚಾಕುವನ್ನೂ ಪೇಟೆಯಲ್ಲಿ ಸೊಂಟಕ್ಕೆ ಕಟ್ಟಿ ತಿರುಗದೆ, ಚೀಲದ ತಳದಲ್ಲಿ ಸುತ್ತಿ ಒಯ್ಯುವುದು ಲೇಸು.

ಕೊಂಡ ಚಾಕು ಹರಿತವಾಗಿರಬೇಕು. ಹರಿತವಾದುದಕ್ಕಿಂತ ಮೊಂಡು ಚಾಕು ಹೆಚ್ಚು ಅಪಾಯಕರವೆಂದರೆ ಹುಡುಗರು ನಗುತ್ತಾರೆ. ಹರಿತವಾದ ಬಾಯಿಯ ವಿಸ್ತೀರ್ಣ ಅತ್ಯಲ್ಪವಾದ್ದರಿಂದ ಸ್ವಲ್ಪ ಬಲಕ್ಕೇ ಬಹಳ ಒತ್ತಡ ಉಂಟಾಗಿ ಅದು ಕೊಯ್ಯುತ್ತದೆ. ಮೊಂಡಾದುದಕ್ಕೆ ಮೈಭಾರ ಹಾಕಿ ಒತ್ತಬೇಕಾಗುತ್ತದೆ, ಜಾರಿದಾಗ ಅಷ್ಟೂ ಬಲ ಕೈಯ ಮೇಲೆ ಬೀಳುತ್ತದೆ. ಕುಳಿತು ಕೊಯ್ಯುವಾಗ ಕೆಲಸವನ್ನು ತೊಡೆಗಳ ನಡುವೆ ಎಂದಿಗೂ ಇಟ್ಟುಕೊಳ್ಳಬಾರದು. ತೊಡೆಯ ಒಳಭಾಗದಲ್ಲಿ ದೊಡ್ಡ ಅಪಧಮನಿ ಹಾದುಹೋಗುತ್ತದೆ. ಅದು ತುಂಡಾದರೆ ವೈದ್ಯನ ಬಳಿಗೆ ಹೋಗುವಷ್ಟು ಸಮಯ ಸಿಗದು. ಮಂಡಿಗಳ ಆಚೆ, ಮೈಯಿಂದ ದೂರಕ್ಕೆ ಕೊಯ್ಯಬೇಕು. ಕಟ್ಟಿಗೆ ಸೀಳುವಾಗ ಇನ್ನೊಬ್ಬರ ಕೈ ಹತ್ತಿರ ಇರಕೂಡದು. ಈ ಕೊನೆಯ ಮಾತನ್ನು ಆ ಸಂಜೆ ನಾವು ಹೇಳಬೇಕಾಗಿತ್ತು.

ಆ ಹುಡುಗ ಮರುವರ್ಷ ತೋಟದ ಆಳು ಹೇಳಿದ ಆಚಾರಿಯ ಬಳಿಯೇ ಒಂದು ಚಾಕು ಮಾಡಿಸಿಕೊಂಡನು. ಅದು ಬೇಗ ತುಕ್ಕು ಹಿಡಿಯುತ್ತದೆ, ಹುಣಸೆಯನ್ನೋ ಮಾವಿನಕಾಯಿಯನ್ನೋ ಕೊಯ್ದರೆ ಕಪ್ಪಾಗುತ್ತದೆ. ಒರಸಿ ಕೊಬ್ಬರಿ ಎಣ್ಣೆ ಸವರಿಡಬೇಕು. ಹಳೆಯ ಚಾಕುವಿನ ಮುಚ್ಚಳ ಮಾತ್ರ ನಮ್ಮ ಮೇಜಿನ ಮೇಲಿದೆ. ಅದರ ದಿಕ್ಸೂಚಿ ಈಗ ಉತ್ತರವನ್ನು ಸರಿಯಾಗಿಯೇ ತೋರಿಸುತ್ತದೆ. ಒಂದು ಗೇಣುದ್ದದ ಉಕ್ಕಿನ ಅಲಗಿನ ಪಕ್ಕದಲ್ಲಿದ್ದಾಗ ಅದು ಉತ್ತರವನ್ನು ತೋರಿಸುವುದಾದರೂ ಹೇಗೆ ಎಂಬ ಪ್ರಶ್ನೆ ಅಂಗಡಿಯಲ್ಲಿ ನಮಗೆ ಹೊಳೆದಿರಲಿಲ್ಲ.