ಮನೆಯ ಫೋಟೋ ಪ್ರಿಂಟರ್‌ಗೆ ಯಾವ ಶಾಯಿ?

ಪ್ರಿಂಟರ್‌ನ ಶಾಯಿ ಮುಗಿದು ಅಂಗಡಿಗೆ ಹೋದಾಗ ನಿಮಗೆ ಎದುರಾಗುವ ಮೊದಲ ಪ್ರಶ್ನೆ, "ಒರಿಜಿನಲ್ ಕೊಡಲೋ, ಕಂಪ್ಯಾಟಿಬಲ್ ಕೊಡಲೋ?" ಎಂಬುದು. ಎರಡರ ಬೆಲೆಗೂ ಬಹಳ ಅಂತರ. "ಎರಡೂ ಒಂದೇ, ಹೆಸರಿಗೆ ದುಡ್ಡು ಅಷ್ಟೆ" ಎನ್ನುತ್ತಾರೆ ಅಂಗಡಿಯವರು. ಪ್ರಿಂಟರ್ ಜೊತೆ ಬಂದ ಕೈಪಿಡಿಯಾದರೋ, ಬೇರೆಯವರ ಶಾಯಿ ಹಾಕಿದರೆ ಯಂತ್ರವೇ ಕೆಟ್ಟೀತು ಎಂದು ಹೆದರಿಸುತ್ತದೆ. ಇಬ್ಬರಿಗೂ ತಮ್ಮ ತಮ್ಮ ಸರಕು ಮಾರಬೇಕಾಗಿದೆ ಎಂಬುದನ್ನು ಮರೆಯದೆ ಈ ಎರಡು ಮಾತನ್ನೂ ಪರೀಕ್ಷಿಸೋಣ. ಕಾಲೇಜಿನ ಟಿಪ್ಪಣಿ ಮುದ್ರಿಸುವವರಿಗೆ ಇದೇನೂ ದೊಡ್ಡ ಪ್ರಶ್ನೆಯಲ್ಲ. ಆದರೆ ತೀರಿಹೋದ ಅಜ್ಜಿಯ ಚಿತ್ರವನ್ನು ಮುದ್ರಿಸಿ ನಡುಮನೆಯ ಗೋಡೆಗೆ ಹಾಕುವವರು ಸ್ವಲ್ಪ ಯೋಚಿಸಬೇಕಾಗುತ್ತದೆ. ವರ್ಷ ತುಂಬುವುದರೊಳಗೆ ಅಜ್ಜಿಯ ಹಸಿರು ಸೀರೆ ಹಳದಿಯಾಗಿಬಿಟ್ಟರೆ?

ಮೊದಲು 'ಜನರಿಕ್' ಎಂಬ ಪದವನ್ನೇ ನೋಡೋಣ. ಈ ಪದ ನಮಗೆ ಪರಿಚಯವಾದದ್ದು ಔಷಧಿಗಳಿಂದ. ಜನರಿಕ್ ಮಾತ್ರೆಯಲ್ಲಿ ಹೆಸರಾಂತ ಮಾತ್ರೆಯಲ್ಲಿರುವ ಔಷಧವಸ್ತುವೇ, ಅಷ್ಟೇ ಪ್ರಮಾಣದಲ್ಲಿ ಇರಬೇಕೆಂಬ ಕಟ್ಟಳೆ ಇದೆ. ಶಾಯಿಗೆ ಅಂಥ ಯಾವ ಕಟ್ಟಳೆಯೂ ಇಲ್ಲ. ಜನರಿಕ್ ಶಾಯಿಯ ಕಾರ್ಟ್ರಿಜ್ ನಿಮ್ಮ ಪ್ರಿಂಟರ್‌ನಲ್ಲಿ ಕೂತು, ಕಾಗದದ ಮೇಲೆ ಬಣ್ಣ ಮೂಡಿಸಿದರೆ ಸಾಕು. ಒಳಗಿನ ರಾಸಾಯನಿಕ ಯಾವುದು ಎಂಬುದು ತಯಾರಿಸಿದವರ ಇಷ್ಟ. ಆದ್ದರಿಂದ ಜನರಿಕ್ ಮಾತ್ರೆಯ ಮೇಲಿನ ನಂಬಿಕೆಯನ್ನು ಹಾಗೆಯೇ ಶಾಯಿಯ ಮೇಲೆ ಹೊರಿಸುವುದು ತಪ್ಪಾಗುತ್ತದೆ. ಈ ಶಾಯಿಗಳಲ್ಲಿ ಒಳ್ಳೆಯವೂ ಇವೆ, ತೀರ ಕಳಪೆಯವೂ ಇವೆ. ಬಾಟಲಿಯ ಹೊರಗಿನಿಂದ ನೋಡಿ ಇದು ಇಂಥದು ಎಂದು ಹೇಳಲಾಗುವುದಿಲ್ಲ.

ಒರಿಜಿನಲ್ ಶಾಯಿ ಅಷ್ಟು ದುಬಾರಿ ಏಕೆ? ಲಾಟೀನನ್ನು ಅಗ್ಗವಾಗಿ ಕೊಟ್ಟು ಸೀಮೆಎಣ್ಣೆಯಲ್ಲಿ ಲಾಭ ಮಾಡಿಕೊಳ್ಳುವ ವ್ಯಾಪಾರಿಯ ಲೆಕ್ಕವೇ ಇಲ್ಲಿಯೂ ನಡೆಯುತ್ತದೆ. ಪ್ರಿಂಟರ್ ಅಗ್ಗ, ಕೆಲವೇ ಮಿಲಿಲೀಟರ್ ಹಿಡಿಯುವ ಕಾರ್ಟ್ರಿಜ್ ದುಬಾರಿ. ಆದರೆ ಅಷ್ಟರಿಂದಲೇ ಆ ಶಾಯಿಯಲ್ಲಿ ಏನೂ ವಿಶೇಷವಿಲ್ಲ ಎಂದು ತೀರ್ಮಾನಿಸಬಾರದು. ಅದು ಮಾಡುವ ಕೆಲಸ ಅಷ್ಟು ಸುಲಭದ್ದಲ್ಲ.

ಫೋಟೋ ಮುದ್ರಿಸುವ ಪ್ರಿಂಟರ್ ಶಾಯಿಯನ್ನು ಬಳಿಯುವುದಿಲ್ಲ, ಹನಿ ಹನಿಯಾಗಿ ಚಿಮ್ಮಿಸುತ್ತದೆ. ಒಂದು ಹನಿಯ ಗಾತ್ರ ಕೆಲವೇ ಪಿಕೋಲೀಟರ್. ನಾಲ್ಕು ಪಿಕೋಲೀಟರ್‌ನ ಹನಿ ಎಂದಿಟ್ಟುಕೊಂಡರೆ ಒಂದು ಮಿಲಿಲೀಟರ್ ಶಾಯಿಯಲ್ಲಿ 25 ಕೋಟಿ ಹನಿಗಳಾಗುತ್ತವೆ! ಇವು ಹೊರಬರುವ ರಂಧ್ರಗಳು ನಮ್ಮ ತಲೆಗೂದಲಿಗಿಂತ ಸಣ್ಣವು. ಹನಿಯನ್ನು ಚಿಮ್ಮಿಸಲು ಎರಡು ವಿಧಾನಗಳಿವೆ. ಒಂದು, ಶಾಖದಿಂದ. 1977ರಲ್ಲಿ ಜಪಾನಿನ ಕ್ಯಾನನ್ ಪ್ರಯೋಗಾಲಯದಲ್ಲಿ, ಶಾಯಿ ತುಂಬಿದ್ದ ಸಿರಿಂಜಿನ ಸೂಜಿಗೆ ಬಿಸಿಯಾಗಿದ್ದ ಬೆಸುಗೆ ಕಡ್ಡಿ ಆಕಸ್ಮಿಕವಾಗಿ ತಗುಲಿತು. ಸೂಜಿಯ ತುದಿಯಿಂದ ಶಾಯಿ ಚಿಮ್ಮಿತು. ಈ ವಿಧಾನದ ಹುಟ್ಟು ಅದು. ಅಮೆರಿಕದ ಎಚ್‌ಪಿ ಕಂಪನಿ ಇದೇ ತತ್ವವನ್ನು ಬೇರೆಯಾಗಿ ಕಂಡುಕೊಂಡು 1984ರಲ್ಲಿ ಥಿಂಕ್‌ಜೆಟ್ ಎಂಬ ಪ್ರಿಂಟರನ್ನು ಮಾರುಕಟ್ಟೆಗೆ ತಂದಿತು. ಇಂಥ ಪ್ರಿಂಟರ್‌ನಲ್ಲಿ ಪುಟ್ಟ ಕಾವುಫಲಕವೊಂದು ಕ್ಷಣದ ಸಣ್ಣ ಅಂಶದಷ್ಟು ಹೊತ್ತು ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ, ಶಾಯಿಯಲ್ಲಿ ಗುಳ್ಳೆ ಏಳುತ್ತದೆ, ಗುಳ್ಳೆ ಹನಿಯನ್ನು ಹೊರಕ್ಕೆ ನೂಕುತ್ತದೆ. ಎರಡನೆಯದು ಎಪ್ಸನ್ ಮುಂತಾದವರು ಬಳಸುವ ಪೀಜೋ ವಿಧಾನ. ವಿದ್ಯುತ್ ಹರಿಸಿದರೆ ಬಾಗುವ ಒಂದು ಪದಾರ್ಥ ಶಾಯಿಯನ್ನು ಪಿಚಕಾರಿಯಂತೆ ಒತ್ತುತ್ತದೆ. ಇಲ್ಲಿ ಕಾಯಿಸುವ ಮಾತಿಲ್ಲ.

ಈಗ ಯೋಚಿಸಿ. ಶಾಯಿ ಕೊಂಚ ಮಂದವಾದರೆ ಹನಿ ಹೊರಡುವುದಿಲ್ಲ, ತೀರ ತೆಳುವಾದರೆ ತೊಟ್ಟಿಕ್ಕುತ್ತದೆ. ಅದರ ಮೇಲ್ಮೈ ಎಳೆತ ಹೆಚ್ಚುಕಡಿಮೆಯಾದರೆ ಹನಿ ದುಂಡಗೆ ಬೀಳದೆ ಒಡೆಯುತ್ತದೆ. ಶಾಖದ ಪ್ರಿಂಟರ್‌ಗೆ ತಕ್ಕುದಲ್ಲದ ಶಾಯಿಯಾದರೆ, ತಳ ಹತ್ತಿದ ಹಾಲಿನ ಪಾತ್ರೆಯಂತೆ ಕಾವುಫಲಕದ ಮೇಲೆ ಕರಿಕು ಕಟ್ಟುತ್ತದೆ. ಎಲ್ಲ ಪ್ರಿಂಟರ್‌ಗೂ ಆಗುತ್ತದೆ ಎಂದು ಹೇಳಿಕೊಂಡು ಮಾರುವ 'ಯೂನಿವರ್ಸಲ್' ಶಾಯಿಯ ಬಗ್ಗೆ ನನಗಿರುವ ಅನುಮಾನಕ್ಕೆ ಇದೇ ಕಾರಣ.

ಇನ್ನು ಬಣ್ಣ ಮಾಸುವ ವಿಚಾರ. ಶಾಯಿಯಲ್ಲಿ ಎರಡು ಬಗೆ. ಸಕ್ಕರೆ ನೀರಿನಲ್ಲಿ ಕರಗುವಂತೆ ಬಣ್ಣ ಪೂರ್ತಿ ಕರಗಿದ್ದರೆ ಅದು ಡೈ ಶಾಯಿ. ಕೆಮ್ಮಣ್ಣು ಕದಡಿದ ನೀರಿನಂತೆ ಅತಿ ಸೂಕ್ಷ್ಮ ಕಣಗಳು ತೇಲುತ್ತಿದ್ದರೆ ಅದು ಪಿಗ್ಮೆಂಟ್ ಶಾಯಿ. ಡೈ ಶಾಯಿಯ ಚಿತ್ರಕ್ಕೆ ಹೊಳಪು ಹೆಚ್ಚು, ಆದರೆ ಅದರ ಅಣುಗಳು ಬಿಡಿಬಿಡಿಯಾಗಿರುವುದರಿಂದ ಬೆಳಕು ಮತ್ತು ಗಾಳಿ ಅವನ್ನು ಬೇಗ ಮುರಿಯುತ್ತವೆ. ಪಿಗ್ಮೆಂಟ್ ಕಣದಲ್ಲಿ ಸಾವಿರಾರು ಅಣುಗಳು ಒತ್ತಾಗಿ ಕೂಡಿರುತ್ತವೆ. ಹೊರಗಿನವು ನಾಶವಾದರೂ ಒಳಗಿನವು ಉಳಿಯುತ್ತವೆ.

ಒರಿಜಿನಲ್ ಶಾಯಿ ಕೊಂಡರೆ ಚಿಂತೆಯೇ ಇಲ್ಲ ಎನ್ನುವವರಿಗೆ 2000ದಲ್ಲಿ ನಡೆದ ಒಂದು ಸಂಗತಿಯನ್ನು ಹೇಳಬೇಕು. ಆ ವರ್ಷ ಎಪ್ಸನ್ ಕಂಪನಿಯ ಸ್ಟೈಲಸ್ ಫೋಟೋ 870 ಮತ್ತು 1270 ಎಂಬ ಪ್ರಿಂಟರ್‌ಗಳು ಬಂದವು. ಅವುಗಳ ಚಿತ್ರಗಳು ವರ್ಷಗಟ್ಟಲೆ ಬಾಳುತ್ತವೆ ಎಂದು ಪ್ರಚಾರವಾಗಿತ್ತು. ಆದರೆ ಕೆಲವರ ಮನೆಗಳಲ್ಲಿ ಕಂಪನಿಯದೇ ಶಾಯಿ, ಕಂಪನಿಯದೇ ಹೊಳಪು ಕಾಗದ ಬಳಸಿದ ಚಿತ್ರಗಳು ಕೆಲವೇ ವಾರಗಳಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿದವು! ಬೇರೆ ಕೆಲವರ ಮನೆಗಳಲ್ಲಿ ಏನೂ ಆಗಲಿಲ್ಲ. ಬಿಸಿಲನ್ನು ದೂರುವಂತಿರಲಿಲ್ಲ. ಗಾಳಿಯಲ್ಲಿರುವ ಓಜೋನ್‌ನಂಥ ಅನಿಲಗಳೇ ಕಾರಣ ಎಂಬುದು ಆಮೇಲೆ ಗೊತ್ತಾಯಿತು. ಬೇಗ ಒಣಗಲೆಂದು ಆ ಕಾಗದದ ಮೇಲ್ಪದರವನ್ನು ಸೂಕ್ಷ್ಮ ರಂಧ್ರಗಳಿಂದ ತುಂಬಿರುತ್ತಾರೆ. ಶಾಯಿ ಒಳಹೋಗುವ ದಾರಿಯಲ್ಲೇ ಗಾಳಿಯೂ ಹೋಗಿ ಸಯಾನ್ ಎಂಬ ನೀಲಿ ಡೈಯನ್ನು ತಿಂದುಹಾಕಿತ್ತು. ಸಯಾನ್ ಹೋದರೆ ಉಳಿಯುವುದು ಮಜೆಂಟಾ ಮತ್ತು ಹಳದಿ; ಅವೆರಡೂ ಸೇರಿದರೆ ಕಿತ್ತಳೆಯಲ್ಲದೆ ಇನ್ನೇನು?

ಚಿತ್ರದ ಆಯುಸ್ಸು ಶಾಯಿ ಮತ್ತು ಕಾಗದ ಇವೆರಡರ ಜೋಡಿಯದು, ಶಾಯಿಯೊಂದರದೇ ಅಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಅಮೆರಿಕದಲ್ಲಿ ಹೆನ್ರಿ ವಿಲ್‌ಹೆಲ್ಮ್ ಎಂಬುವರ ಸಂಸ್ಥೆ ಚಿತ್ರಗಳ ಬಾಳಿಕೆಯನ್ನು ಅಳೆಯುವುದಕ್ಕೇ ಹೆಸರಾಗಿದೆ. ಪ್ರಖರವಾದ ದೀಪದಡಿ ಚಿತ್ರವನ್ನಿಟ್ಟು, ಅದು ಮಾಸಿದ ಪ್ರಮಾಣದಿಂದ, ದಿನಕ್ಕೆ 12 ಗಂಟೆ 450 ಲಕ್ಸ್ ಬೆಳಕಿನಲ್ಲಿ ಅದು ಎಷ್ಟು ವರ್ಷ ಬಾಳೀತು ಎಂದು ಅಲ್ಲಿ ಲೆಕ್ಕ ಹಾಕುತ್ತಾರೆ. ಒಂದು ಶಾಯಿಯನ್ನು ಒಂದು ಕಾಗದದ ಮೇಲೆ ಪರೀಕ್ಷಿಸಿ ಬಂದ ಸಂಖ್ಯೆ ಆ ಜೋಡಿಗೆ ಮಾತ್ರ ಸಲ್ಲುತ್ತದೆ. ಕಂಪನಿಯ ಕಾಗದದ ಪೊಟ್ಟಣದ ಮೇಲಿನ ವರ್ಷಗಳ ಭರವಸೆಯನ್ನು ನಂಬಿ ಒಳಗೆ ಬೇರೆಯವರ ಶಾಯಿ ಹಾಕಿದರೆ, ಆ ಭರವಸೆಗೆ ಅರ್ಥ ಉಳಿಯುವುದಿಲ್ಲ.

ಹಾಗೆಂದು ಹೊರಗಿನವರ ಶಾಯಿಯೆಲ್ಲ ಕೀಳು ಎಂದೂ ಅಲ್ಲ. ಅಮೆರಿಕದ ವರ್ಮಾಂಟ್‌ನ ಜಾನ್ ಕೋನ್ ಎಂಬ ಮುದ್ರಕರು ಎಪ್ಸನ್ ಪ್ರಿಂಟರ್‌ಗಳಿಗಾಗಿಯೇ ಇಂಗಾಲದ ಪಿಗ್ಮೆಂಟ್‌ನಿಂದ ಬೂದುಬಣ್ಣದ ಹಲವು ಛಾಯೆಗಳ ಶಾಯಿ ತಯಾರಿಸಿದರು. ಕಪ್ಪು ಬಿಳುಪು ಚಿತ್ರ ಮುದ್ರಿಸುವ ಛಾಯಾಗ್ರಾಹಕರು ಅದನ್ನು ಅರಸಿ ಕೊಳ್ಳುತ್ತಾರೆ. ಆದರೆ ಅದು ಅಗ್ಗದ ಶಾಯಿಯಲ್ಲ. ಅದರಲ್ಲಿ ಏನಿದೆ ಎಂಬುದನ್ನು ತಯಾರಿಸಿದವರೇ ಹೇಳುತ್ತಾರೆ.

ಶಾಯಿಯಿಂದ ಪ್ರಿಂಟರ್ ಕೆಡುತ್ತದೆ ಎಂಬ ಎಚ್ಚರಿಕೆ ಎಷ್ಟು ನಿಜ? ಚಿಮ್ಮಿಸುವ ಭಾಗ, ಅಂದರೆ ಹೆಡ್, ಎಲ್ಲಿದೆ ಎಂದು ಮೊದಲು ನೋಡಿಕೊಳ್ಳಿ. ಎಚ್‌ಪಿ ಮತ್ತು ಕ್ಯಾನನ್‌ನ ಅನೇಕ ಅಗ್ಗದ ಮಾದರಿಗಳಲ್ಲಿ ಹೆಡ್ ಕಾರ್ಟ್ರಿಜ್‌ನಲ್ಲೇ ಇರುತ್ತದೆ. ಶಾಯಿ ಕಟ್ಟಿಕೊಂಡರೆ ಕಾರ್ಟ್ರಿಜ್ ಬದಲಿಸಿದರಾಯಿತು, ಹೆಡ್ಡೂ ಹೊಸದಾಗುತ್ತದೆ. ಅಲ್ಲಿ ಪ್ರಯೋಗ ಮಾಡುವುದರಿಂದ ದೊಡ್ಡ ನಷ್ಟವಿಲ್ಲ. ಎಪ್ಸನ್‌ನ ಪ್ರಿಂಟರ್‌ಗಳಲ್ಲಿ ಹೆಡ್ ಯಂತ್ರದೊಳಗೇ ಇರುತ್ತದೆ. ಅದು ಕಟ್ಟಿಕೊಂಡರೆ ರಿಪೇರಿಯ ಖರ್ಚು ಕೆಲವೊಮ್ಮೆ ಹೊಸ ಪ್ರಿಂಟರ್‌ನ ಬೆಲೆಯ ಹತ್ತಿರ ಹೋಗುತ್ತದೆ. ಶಾಯಿಯಲ್ಲಿ ಉಳಿಸಿದ ನೂರಾರು ರೂಪಾಯಿ ಸಾವಿರಾರು ರೂಪಾಯಿಯ ದಂಡವಾದೀತು.

ನಮ್ಮಂಥ ದೇಶಗಳ ಬಳಕೆದಾರರಿಂದಲೇ ಒಂದು ಬದಲಾವಣೆ ಬಂತು ಎಂಬುದನ್ನೂ ಇಲ್ಲಿ ಹೇಳಬೇಕು. ಕಾರ್ಟ್ರಿಜ್ ಬೆಲೆ ತಾಳಲಾರದೆ ಜನ ಪ್ರಿಂಟರ್‌ನ ಪಕ್ಕಕ್ಕೆ ಬಾಟಲಿ ಕಟ್ಟಿ, ಕೊಳವೆ ಎಳೆದು, ಸ್ಥಳೀಯ ಶಾಯಿ ತುಂಬುತ್ತಿದ್ದರು. ಇದನ್ನು ಕಂಡು ಎಪ್ಸನ್ 2010ರಲ್ಲಿ ಇಂಡೊನೇಷ್ಯದಲ್ಲಿ ತಾನೇ ಟ್ಯಾಂಕ್ ಇರುವ ಪ್ರಿಂಟರ್ ಮಾರತೊಡಗಿತು. ಬಳಿಕ ಅದು ಭಾರತಕ್ಕೂ ಬಂತು, ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಇವುಗಳ ಒರಿಜಿನಲ್ ಶಾಯಿ 65, 70 ಮಿಲಿಲೀಟರ್‌ನ ಬಾಟಲಿಗಳಲ್ಲಿ ಬರುತ್ತದೆ. ಕಾರ್ಟ್ರಿಜ್‌ಗೆ ಹೋಲಿಸಿದರೆ ಮಿಲಿಲೀಟರ್‌ಗೆ ಬೀಳುವ ಬೆಲೆ ಬಹಳ ಕಡಿಮೆ. ಆದ್ದರಿಂದ ಟ್ಯಾಂಕ್ ಪ್ರಿಂಟರ್‌ನಲ್ಲಿ ಫೋಟೋ ಮುದ್ರಿಸುವವರು ಅಗ್ಗದ ಶಾಯಿ ಹುಡುಕುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಕಾರ್ಟ್ರಿಜ್‌ನಲ್ಲೇ ಹೆಡ್ ಇರುವ ಪ್ರಿಂಟರ್‌ನಲ್ಲಿ ಟಿಪ್ಪಣಿ, ನಕ್ಷೆ, ಪ್ರಾಜೆಕ್ಟ್ ಮುದ್ರಿಸುವವರು ಧಾರಾಳವಾಗಿ ರೀಫಿಲ್ ಮಾಡಿಸಿಕೊಳ್ಳಬಹುದು. ವರ್ಷಕ್ಕೆ ಹತ್ತಿಪ್ಪತ್ತು ಫೋಟೋ ಮಾತ್ರ ಬೇಕಾದವರು ಸ್ಟುಡಿಯೋಗೆ ಹೋಗುವುದು ಮೇಲು. ಬಳಸದೆ ಬಿಟ್ಟ ಪ್ರಿಂಟರ್ ಪ್ರತಿ ಸಲವೂ ರಂಧ್ರ ತೊಳೆದುಕೊಳ್ಳಲು ಶಾಯಿಯನ್ನೇ ಚೆಲ್ಲುತ್ತದೆ. ಸ್ಟುಡಿಯೋದ ನಿಜವಾದ ಫೋಟೋ ಕಾಗದದಲ್ಲಾದರೋ ಬಣ್ಣ ಜೆಲಟಿನ್ ಪದರದೊಳಗೆ ಇರುವುದರಿಂದ ಗಾಳಿಯ ಕಾಟ ಕಡಿಮೆ.

ಕೊನೆಯದಾಗಿ, ಕಾರ್ಯಕ್ರಮದಲ್ಲಿ ತೋರಿಸಲು ಸಮಯ ಸಾಲದ ಒಂದು ಪ್ರಯೋಗ. ನೀಲಿ ಆಕಾಶ, ಹಸಿರು ಗಿಡ, ಮನುಷ್ಯರ ಮುಖ ಮೂರೂ ಇರುವ ಒಂದು ಚಿತ್ರವನ್ನು ನಿಮ್ಮಲ್ಲಿರುವ ಶಾಯಿಯಿಂದ ಮುದ್ರಿಸಿ. ಒಂದು ದಿನ ಒಣಗಲು ಬಿಟ್ಟು ಮೂರು ಪಟ್ಟಿಗಳಾಗಿ ಕತ್ತರಿಸಿ. ಒಂದನ್ನು ದಪ್ಪ ಪುಸ್ತಕದೊಳಗಿಡಿ. ಇನ್ನೊಂದನ್ನು ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಅಂಟಿಸಿ. ಮೂರನೆಯದನ್ನು ಬಿಸಿಲು ತಾಗದ, ಆದರೆ ಗಾಳಿಯಾಡುವ ಗೋಡೆಗೆ ಗಾಜಿಲ್ಲದೆ ತೂಗುಹಾಕಿ. ಎಂಟು ವಾರಗಳ ನಂತರ ಮೂರನ್ನೂ ಪಕ್ಕಪಕ್ಕ ಇಟ್ಟು ಹಗಲ ಬೆಳಕಿನಲ್ಲಿ ನೋಡಿ. ಕಿಟಕಿಯ ಪಟ್ಟಿ ಮಾತ್ರ ಮಾಸಿದ್ದರೆ ಮುಖ್ಯ ಶತ್ರು ಬೆಳಕು. ಗೋಡೆಯದೂ ಮಾಸಿದ್ದರೆ ಗಾಳಿಯ ಮೇಲೆ ಗುಮಾನಿ. ಅಂಥ ಶಾಯಿಯಲ್ಲಿ ಮುದ್ರಿಸಿದ ಚಿತ್ರಕ್ಕೆ ಗಾಜಿನ ಚೌಕಟ್ಟು ಬೇಕೇ ಬೇಕು. ಗೆಳೆಯರು ಬೇರೆ ಬೇರೆ ಶಾಯಿ ಬಳಸುತ್ತಿದ್ದರೆ, ಎಲ್ಲರೂ ಅದೇ ಚಿತ್ರವನ್ನು ಅದೇ ಬಗೆಯ ಕಾಗದದ ಮೇಲೆ ಮುದ್ರಿಸಿ ಹೋಲಿಸಬಹುದು. ಪ್ರತಿ ಪಟ್ಟಿಯ ಹಿಂದೆ ಶಾಯಿಯ ಹೆಸರು, ಕಾಗದದ ಹೆಸರು ಮತ್ತು ತಾರೀಖನ್ನು ಪೆನ್ಸಿಲ್‌ನಲ್ಲಿ ಬರೆದಿಡಿ.