ಗೋಲಿಯ ಮೇಲೆ ಬಿದ್ದ ನೆರಳು

ಅಮೆರಿಕದ ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿ ಎಂಬ ಪ್ರಯೋಗಾಲಯವಿದೆ. ಅಲ್ಲಿ 192 ಲೇಸರ್ ಕಿರಣಗಳು ಬೆರಳ ತುದಿಯಷ್ಟಿರುವ ಲೋಹದ ಕೊಳವೆಯೊಳಗೆ ನುಗ್ಗಿ, ಅದರ ಗೋಡೆಯನ್ನು ಕಾಯಿಸಿ ಎಕ್ಸ್‌ರೇ ಹೊಮ್ಮಿಸುತ್ತವೆ. ಕೊಳವೆಯ ನಡುವಿನಲ್ಲಿರುವುದು 2 ಮಿ.ಮೀ. ಅಗಲದ ಗೋಲಿ. ಅದರ ಮೈ ಸುಟ್ಟು ಹೊರಕ್ಕೆ ಚಿಮ್ಮಿದಂತೆ ಉಳಿದ ಕವಚ ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಒಳಕ್ಕೆ ಕುಸಿಯುತ್ತದೆ. ಒಳಗಿನ ಡ್ಯುಟೀರಿಯಂ ಮತ್ತು ಟ್ರಿಟಿಯಂ ಬೆಸೆಯುತ್ತವೆ. 2022ರ ಡಿಸೆಂಬರ್ 5ರಂದು 2.05 ಮೆಗಾಜೂಲ್ ಲೇಸರ್ ಶಕ್ತಿ ಹಾಕಿ 3.15 ಮೆಗಾಜೂಲ್ ಪಡೆದದ್ದು ದೊಡ್ಡ ಸುದ್ದಿಯಾಯಿತು. ಆ ಗೆಲುವಿಗೆ ನೆರವಾದ ಛಾಯಾಗ್ರಹಣದ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ. ನನ್ನನ್ನು ಬೆರಗುಗೊಳಿಸಿದ್ದು ಅದೇ.

ಗೋಲಿ ದುಂಡಗೇ ಕುಸಿಯದಂತೆ ಅಡ್ಡಗಾಲು ಹಾಕುವುದು ರ‍್ಯಾಲೆ-ಟೇಲರ್ ಅಸ್ಥಿರತೆ. ಎಣ್ಣೆಯ ಮೇಲೆ ನೀರು ನಿಲ್ಲುವುದಿಲ್ಲ. ನೀರು ಬೆರಳುಬೆರಳಾಗಿ ಕೆಳಗಿಳಿದರೆ ಎಣ್ಣೆ ಗುಳ್ಳೆಗಳಾಗಿ ಮೇಲೇರುತ್ತದೆ. ಲಾರ್ಡ್ ರ‍್ಯಾಲೆ 1883ರಲ್ಲೇ ಇದರ ಗಣಿತ ಬರೆದಿದ್ದರು. ಹಗುರ ದ್ರವ ಭಾರದ ದ್ರವವನ್ನು ತಳ್ಳಿದಲ್ಲೆಲ್ಲ ಹೀಗೇ ಆಗುತ್ತದೆಂದು 1950ರಲ್ಲಿ ಜಿ.ಐ. ಟೇಲರ್ ತೋರಿಸಿದರು. ಗೋಲಿಯಲ್ಲಿ ತಳ್ಳುವುದು ಬಿಸಿಯಾದ ತೆಳು ಪ್ಲಾಸ್ಮಾ, ತಳ್ಳಿಸಿಕೊಳ್ಳುವುದು ದಟ್ಟ ಕವಚ. ಕಣ್ಣಿಗೆ ಕಾಣದ ಗೀರೂ ನೂರಾರು ಪಟ್ಟು ಬೆಳೆಯಬಲ್ಲದು.

ಇದರ ಚಿತ್ರ ತೆಗೆಯಲು ಕೆಲವು ಲೇಸರ್ ಕಿರಣಗಳನ್ನು ಲೋಹದ ಹಾಳೆಯೊಂದಕ್ಕೆ ಹಾಯಿಸಿ ಅದನ್ನೇ ಎಕ್ಸ್‌ರೇ ದೀಪವಾಗಿಸುತ್ತಾರೆ. ಗೋಲಿಯ ಒಂದು ಬದಿಗೆ ಚಿನ್ನದ ಶಂಕು ತೂರಿಸಿರುತ್ತಾರೆ. ಹಾಗಾಗಿ ಗೋಲಿಯ ಎದುರುಬದುರಿನ ಎರಡು ಗೋಡೆಗಳ ಚಿತ್ರ ಒಂದರ ಮೇಲೊಂದು ಬೀಳುವುದಿಲ್ಲ. ಸೂಜಿರಂಧ್ರಗಳ ಹಿಂದಿನ ಕ್ಯಾಮೆರಾ ಕಣ್ಣು ತೆರೆಯುವುದು ಸುಮಾರು 100 ಪಿಕೋಸೆಕೆಂಡ್, ಅಂದರೆ ಸೆಕೆಂಡಿನ ಸಾವಿರ ಕೋಟಿಯಲ್ಲೊಂದು ಪಾಲು. ಕವಚ ದಪ್ಪಗಿರುವಲ್ಲಿ ಕಪ್ಪು, ತೆಳುವಿರುವಲ್ಲಿ ಬೆಳಕು.

ಈ ಚಿತ್ರಗಳಲ್ಲಿ ಸಿಕ್ಕಿಬಿದ್ದ ಅಪರಾಧಿಗಳಲ್ಲಿ ಒಂದು, ಇಂಧನ ತುಂಬುವ ಕೂದಲಿಗಿಂತ ಸಣ್ಣ ಕೊಳವೆ. ಅದು ಅಂಟಿದ ಜಾಗದ ಸುತ್ತ ಕಡ್ಡಿಗಳಂತೆ ಗೆರೆಗಳು ಹರಡಿದ್ದವು. ಲೇಸರ್ ತಾಗಿ ಲೋಹದ ಕೊಳವೆಯ ಗೋಡೆಯ ಮೇಲೆ ಹೊಳೆದ ಒಂದೊಂದು ಚುಕ್ಕಿಯೂ ಈ ಇಂಧನ ಕೊಳವೆಯ ನೆರಳನ್ನು ಗೋಲಿಯ ಮೇಲೆ ಚೆಲ್ಲಿತ್ತು. ನೆರಳು ಬಿದ್ದಲ್ಲಿ ಮೈ ಸ್ವಲ್ಪ ಕಡಿಮೆ ಸುಟ್ಟಿತು. ಅಷ್ಟೇ ಸಾಕಾಯಿತು, ಅದು ಏಣಾಗಿ ಬೆಳೆಯಿತು! 10 ಮೈಕ್ರಾನ್ ಇದ್ದ ಕೊಳವೆಯನ್ನು ಮೊದಲು 5ಕ್ಕೆ, ಆಮೇಲೆ 2ಕ್ಕೆ ಇಳಿಸಿದರು. ಗೋಲಿಯನ್ನು ಹಿಡಿದಿಡುವ ಪ್ಲಾಸ್ಟಿಕ್ ಪೊರೆಯೂ ಹೀಗೆಯೇ ಕಲೆ ಬಿಡುತ್ತಿದ್ದುದು ಎಕ್ಸ್‌ರೇಯಲ್ಲಿ ಕಂಡಿತು.

ಗುಳ್ಳೆ, ಬೆರಳುಗಳು ಒಡೆದು ಸುಳಿಗಳಾಗುವ ಹಂತದ ಚಿತ್ರ ತೆಗೆಯುವುದು ಇನ್ನೂ ಕಷ್ಟ. ಸಿಡಿಯುವ ನಕ್ಷತ್ರಗಳ ಪದರಗಳು ಕಲಸಿಹೋಗುವುದೂ ಇಂಥ ಸುಳಿಗಳಲ್ಲೇ. ಜಪಾನಿನ ಹರಿಮಾದಲ್ಲಿರುವ ಸಾಕ್ಲಾ ಎಕ್ಸ್‌ರೇ ಲೇಸರ್‌ನಲ್ಲಿ ಫಿಲ್ಮಿನ ಬದಲು ಲಿಥಿಯಂ ಫ್ಲೋರೈಡ್ ಹರಳನ್ನಿಟ್ಟು, ಮೈಕ್ರಾನ್ ಮಟ್ಟದ ವಿವರಗಳನ್ನು ಹಿಡಿದಿದ್ದಾರೆ. ಹರಳಿನಲ್ಲಿ ಮೂಡಿದ ಚಿತ್ರವನ್ನು ಆಮೇಲೆ ಸೂಕ್ಷ್ಮದರ್ಶಕದಡಿ ಓದಬೇಕು. ಒಂದು ಹೊಡೆತಕ್ಕೆ ಒಂದೇ ಚಿತ್ರ. ಅದೇ ಸುಳಿಯ ಮುಂದಿನ ಗಳಿಗೆ ಬೇಕಾದರೆ ಹೊಸ ಗುರಿವಸ್ತು ಇಟ್ಟು, ಸಮಯ ತುಸು ಸರಿಸಿ, ಮತ್ತೆ ಲೇಸರ್ ಹಾರಿಸಬೇಕು.