ಪಸೆ ಆರದ ಮಫಿನ್

ಮೊದಲ ಸಲ ಮಾಡಿದ ಮಫಿನ್ ನೋಡೋಕೆ ಚೆನ್ನಾಗೇ ಇತ್ತು. ಮೇಲೆ ಗುಮ್ಮಟದ ಹಾಗೆ ಉಬ್ಬಿ, ಹೊಂಬಣ್ಣ ಬಂದು, ಫೋಟೊ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೂ ಆಯ್ತು. ಆಯಿಗೆ ಒಂದು ಕೊಟ್ಟೆ. ತುದಿ ಮುರಿದು ಬಾಯಿಗೆ ಹಾಕಿಕೊಂಡಳು. ಆ ಕಡೆ ಈ ಕಡೆ ಹೊರಳಿಸಿದಳು. ಕೊನೆಗೆ ನೀರಿನ ಲೋಟಕ್ಕೆ ಕೈ ಚಾಚಿದಳು.

"ಗಂಟ್ಲಲ್ಲೇ ಕೂತ್ಕತ್ತು ತಂಗಿ, ಇಳೀತಿಲ್ಲೆ."

ಹಲ್ಲು ಕೀಳಿಸಿ ಸೆಟ್ಟು ಹಾಕಿಸಿಕೊಳ್ಳೋಕೆ ಅಂತ ಆಯಿ ಕುಮಟಾದಿಂದ ಬೆಂಗಳೂರಿಗೆ, ನಮ್ಮ ಮನೆಗೆ ಬಂದು ಎರಡು ತಿಂಗಳಾಗಿತ್ತು. ಹೊಸ ಸೆಟ್ಟು ಒಗ್ಗೋಕೆ ವಾರಗಟ್ಟಲೆ ಬೇಕು ಅಂತ ಡಾಕ್ಟರು ಹೇಳಿದ್ದರು. ಆದರೆ ಆ ವಾರಗಳಲ್ಲಿ ಏನು ತಿನ್ನಬೇಕು ಅನ್ನೋದಕ್ಕೆ ಅವರ ಹತ್ತಿರ ಇದ್ದ ಉತ್ತರ 'ಮೆತ್ತಗಿರೋದು' ಅಷ್ಟೇ. ಮೆತ್ತಗಿನ ಅನ್ನ, ಮೆತ್ತಗಿನ ಉಪ್ಪಿಟ್ಟು, ಗಂಜಿ. ಮೂರನೇ ವಾರಕ್ಕೆ ಆಯಿ "ಹಸಿವಿಲ್ಲೆ" ಅನ್ನೋಕೆ ಶುರು ಮಾಡಿದಳು. ನಾವೆಲ್ಲ ಊಟಕ್ಕೆ ಕೂತಾಗ ಅವಳಿಗೆ ಏನೋ ಕೆಲಸ ನೆನಪಾಗುತ್ತಿತ್ತು. ನಮ್ಮೆದುರು ಸೆಟ್ಟು ಕದಲಿದರೆ ಅನ್ನೋ ನಾಚಿಕೆ ಅದು ಅಂತ ನನಗೆ ತಡವಾಗಿ ಹೊಳೆಯಿತು. ತೂಕ ನೋಡಿದರೆ ನಾಲ್ಕು ಕೆಜಿ ಇಳಿದಿತ್ತು.

ಸಂಜೆ ಚಹಾದ ಜೊತೆಗಾದರೂ ಏನಾದರೂ ತಿನ್ನಲಿ ಅಂತ ಬೇಕರಿಯಿಂದ ಮಫಿನ್ ತಂದೆ. ಮೊಟ್ಟೆ ಇಲ್ಲದ್ದೇ ಆಗಬೇಕು, ಆಯಿ ತಿನ್ನೋಲ್ಲ. ಸಿಕ್ಕಿದ್ದು ಪುಡಿಪುಡಿ, ಆ ಪುಡಿ ಸೆಟ್ಟಿನ ಅಡಿಗೆ ಹೋಗಿ ಒಸಡಿಗೆ ಒತ್ತುತ್ತಿತ್ತು. ಹಾಗಾಗಿ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಓಟಿಜಿ ಒರೆಸಿ, ನಾನೇ ಮಾಡ್ತೀನಿ ಅಂತ ಇಳಿದೆ. ಅದರ ಮೊದಲ ಫಲವೇ ಮೇಲೆ ಹೇಳಿದ್ದು.

ಎರಡನೇ ಸಲ ಜಾಣತನ ಮಾಡಿದೆ. ಒಣಗಿತ್ತು ತಾನೆ? ಬಾಳೆಹಣ್ಣು ದುಪ್ಪಟ್ಟು, ಕ್ಯಾರೆಟ್ ದುಪ್ಪಟ್ಟು. ಒಲೆಯಲ್ಲಿ ಉಬ್ಬಿದ್ದು ಹೊರಗೆ ಬಂದ ಎರಡೇ ನಿಮಿಷಕ್ಕೆ ನಡುವೆ ಕುಸಿದು ಗುಂಡಿ ಬಿತ್ತು. ಒಳಗೆ ಹಲ್ವದ ಹಾಗೆ ಅಂಟಂಟು, ಹಸಿ ವಾಸನೆ.

ಇಂಗ್ಲಿಷ್ ರೆಸಿಪಿಗಳು ಮಾತೆತ್ತಿದರೆ 'ಮಾಯಿಸ್ಟ್' ಅನ್ನುತ್ತವೆ. ನಾನು ಅದನ್ನು 'ಒದ್ದೆ' ಅಂದುಕೊಂಡಿದ್ದೇ ಎಡವಟ್ಟು. ನಮ್ಮಲ್ಲಿ ಅದಕ್ಕೆ ಸರಿಯಾದ ಪದ ಇದೆ, ಪಸೆ. ಬಾಯಿಯ ಪಸೆ ಆರಿತು ಅಂತೀವಲ್ಲ, ಆ ಪಸೆ. ಮುಟ್ಟಿದರೆ ಕೈಗೆ ಅಂಟಬಾರದು, ಅಗಿದರೆ ಬಾಯಿಯ ಪಸೆಯನ್ನು ಹೀರಿಕೊಳ್ಳಲೂಬಾರದು. ಬೇಕಾಗಿದ್ದು ಇಷ್ಟೇ.

ಆಯಿ ಹೇಳಿದ ಹತ್ತು ನಿಮಿಷ

ಮೂರನೇ ಸಲ ನಾನು ಕ್ಯಾರೆಟ್ ತುರಿಯುತ್ತಿದ್ದಾಗ ಆಯಿ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದಳು. ಹಾಲಿನ ಪಾತ್ರೆ ಕೈಗೆತ್ತಿಕೊಂಡೆ. ತಡೆದಳು.

"ಎಂತಕ್ಕೆ ಹಾಕ್ತೆ? ಬೆಲ್ಲ ಕಲಸಿ ಹತ್ತು ನಿಮಿಷ ಬಿಡು. ಎಷ್ಟು ನೀರು ಬಿಡ್ತು ನೋಡು ಮೊದಲು."

ನಮ್ಮ ಕಡೆ ಸವತೆಕಾಯಿ ಕಡುಬು ಮಾಡೋದು ಹಾಗೇ. ಬಲಿತ ಸವತೆಕಾಯಿ ತುರಿದು ಬೆಲ್ಲ, ತೆಂಗಿನತುರಿ, ಅಕ್ಕಿ ತರಿ ಸೇರಿಸಿ ಬಾಳೆ ಎಲೆಯಲ್ಲಿ ಬೇಯಿಸೋದು. ಮೇಲೆ ನೀರು ಹಾಕೋ ಪದ್ಧತಿಯೇ ಇಲ್ಲ, ಸವತೆಕಾಯಿ ಬಿಟ್ಟ ನೀರಲ್ಲೇ ತರಿ ನೆನೆದು ಅರಳುತ್ತೆ. ಕರಾವಳಿಯ ಕೊಂಕಣಿಗರ ಮನೆಗಳಲ್ಲಿ ಇದೇ ಸಾಮಾನಿನ ತವಸಳಿಯನ್ನು ಹಿಂದೆಲ್ಲ ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುತ್ತಿದ್ದರು. ಮೇಲೆ ಕೆಳಗೆ ಎರಡೂ ಕಡೆ ಬಿಸಿ, ನಡುವೆ ತರಕಾರಿ ಕೇಕು. ನನ್ನ ಓಟಿಜಿ ಮಾಡೋದೂ ಅದನ್ನೇ, ಕರೆಂಟಿನಲ್ಲಿ.

ಹತ್ತು ನಿಮಿಷ ಬಿಟ್ಟೆ. ತುರಿ ತನ್ನ ರಸದಲ್ಲೇ ತೇಲುತ್ತಿತ್ತು.

ಕಾರಣ ಸರಳ. ಬೆಲ್ಲವಾಗಲಿ ಸಕ್ಕರೆಯಾಗಲಿ ತುರಿಯೊಳಗಿನ ನೀರನ್ನು ಹೊರಗೆ ಎಳೆಯುತ್ತೆ. ಆ ನೀರು ಕಡಿಮೆಯದ್ದೇನಲ್ಲ. ಸವತೆಕಾಯಿಯಲ್ಲಿ ಶೇಕಡಾ 95ರಷ್ಟು ನೀರೇ. ಕ್ಯಾರೆಟ್ಟಿನಲ್ಲಿ ಸುಮಾರು 88, ಸೇಬಿನಲ್ಲಿ 85ರ ಆಸುಪಾಸು, ಬಾಳೆಹಣ್ಣಿನಲ್ಲಿ 75. ಅಂದರೆ ನೂರು ಗ್ರಾಂ ಕ್ಯಾರೆಟ್ ತುರಿ ಹಾಕಿದಿರಿ ಅಂದರೆ ಸಣ್ಣ ಲೋಟ ನೀರು ಸುರಿದ ಲೆಕ್ಕ. ನಾವು ತುರಿಯನ್ನು ಹಿಟ್ಟಿಗೆ ಕೊನೆಯಲ್ಲಿ ಹಾಕೋದರಿಂದ ಈ ನೀರು ಒಲೆಯೊಳಗೆ ಹೋದ ಮೇಲೆ ಹೊರಬರುತ್ತೆ. ಆಗ ನಮ್ಮ ಕೈಯಲ್ಲಿ ಏನೂ ಇರೋಲ್ಲ. ಮೊದಲೇ ಬೆಲ್ಲ ಕಲಸಿ ಇಟ್ಟರೆ ಎಷ್ಟು ನೀರು ಬಂತು ಅಂತ ಕಣ್ಣಿಗೇ ಕಾಣುತ್ತೆ, ಮೊಸರನ್ನು ಅದಕ್ಕೆ ತಕ್ಕ ಹಾಗೆ ಹೆಚ್ಚು ಕಡಿಮೆ ಮಾಡಬಹುದು. ಒಂದು ವಾರ ಫ್ರಿಜ್ಜಿನಲ್ಲಿ ಬಾಡಿದ ಕ್ಯಾರೆಟ್ಟಿಗೂ ಇವತ್ತು ತಂದ ಕ್ಯಾರೆಟ್ಟಿಗೂ ಇರೋ ವ್ಯತ್ಯಾಸ ಯಾವ ರೆಸಿಪಿಯಲ್ಲೂ ಬರೆದಿರೋಲ್ಲ.

ಈಗ ನಾನು ಮಾಡೋ ಅಳತೆ ಹೇಳಿಬಿಡ್ತೀನಿ. ಇದರಲ್ಲಿ ಎಂಟು ಒಂಬತ್ತು ಮಫಿನ್ ಆಗುತ್ತೆ, ಮೊಟ್ಟೆ ಬೇಡ.

ಕ್ಯಾರೆಟ್ 100 ಗ್ರಾಂ, ಸಣ್ಣ ಕಣ್ಣಿನ ತುರಿಮಣೆಯಲ್ಲಿ ತುರಿದದ್ದು. ಬೆಲ್ಲದ ಪುಡಿ 100 ಗ್ರಾಂ. ಇವೆರಡನ್ನೂ ಕಲಸಿ ಹತ್ತು ನಿಮಿಷ ಬಿಡಿ. ಆಮೇಲೆ ಅದಕ್ಕೆ ಚೆನ್ನಾಗಿ ಕಿವುಚಿದ ಬಾಳೆಹಣ್ಣು 150 ಗ್ರಾಂ, ವಾಸನೆ ಇಲ್ಲದ ಎಣ್ಣೆ 70 ಮಿಲಿ, ಹುಳಿ ಮೊಸರು 80 ಮಿಲಿ. ತುರಿ ತುಂಬಾ ನೀರು ಬಿಟ್ಟಿದ್ದರೆ ಮೊಸರು 60 ಸಾಕು. ಬೇರೆ ಪಾತ್ರೆಯಲ್ಲಿ ಮೈದಾ 100 ಗ್ರಾಂ, ಗೋಧಿಹಿಟ್ಟು 60 ಗ್ರಾಂ, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಅಡುಗೆ ಸೋಡಾ ಕಾಲು ಟೀ ಚಮಚ, ಚಿಟಿಕೆ ಉಪ್ಪು, ಏಲಕ್ಕಿ ಪುಡಿ. ಇವನ್ನು ಜರಡಿ ಹಿಡಿದು ಒದ್ದೆ ಮಿಶ್ರಣಕ್ಕೆ ಸೇರಿಸಿ. ಅಚ್ಚುಗಳಿಗೆ ಮುಕ್ಕಾಲು ಭಾಗ ತುಂಬಿಸಿ, ಮೊದಲೇ ಬಿಸಿ ಮಾಡಿದ ಒಲೆಯಲ್ಲಿ 180 ಡಿಗ್ರಿಯಲ್ಲಿ 20ರಿಂದ 25 ನಿಮಿಷ.

ಬರೆದರೆ ಇಷ್ಟೇ. ನಾನು ಎಡವಿದ್ದೆಲ್ಲ ನಡುವಿನ ಸಣ್ಣಪುಟ್ಟದ್ದರಲ್ಲಿ.

ಕಲಸೋದರಲ್ಲೇ ಮೊದಲ ತಪ್ಪು. ದೋಸೆ ಹಿಟ್ಟು, ಬೋಂಡಾ ಹಿಟ್ಟು ಗಂಟಿಲ್ಲದ ಹಾಗೆ ಕದಡಿ ಕದಡಿ ಬೆಳೆದ ಕೈ ನಮ್ಮದು. ಮಫಿನ್ ಹಿಟ್ಟನ್ನು ಹಾಗೆ ಕದಡಿದರೆ ಮೈದಾದ ಗ್ಲುಟನ್ ಬಲಿತು ರಬ್ಬರ್ ಆಗುತ್ತೆ. ಸೌಟಿನಿಂದ ಹತ್ತು ಹನ್ನೆರಡು ಸಲ ಮಡಚಿ ತಿರುಗಿಸಿ. ಒಣ ಹಿಟ್ಟು ಕಾಣದಿದ್ದರೆ ನಿಲ್ಲಿಸಿ. ಸಣ್ಣ ಗಂಟುಗಳು ಇರಲಿ, ಬೆಂದಾಗ ಅವೇ ಹೋಗುತ್ತವೆ. ನನಗೆ ಕೈ ತಡೆಯೋದು ಕಲಿಯೋಕೆ ಮೂರು ಭಾನುವಾರ ಬೇಕಾಯ್ತು.

ಬೆಣ್ಣೆ ರುಚಿ, ನಿಜ. ಆದರೆ ತಣ್ಣಗಾದ ಮೇಲೆ ಬೆಣ್ಣೆ ಗಟ್ಟಿಯಾಗುತ್ತೆ, ಅದರ ಜೊತೆ ಮಫಿನ್ನೂ. ಎಣ್ಣೆ ದ್ರವವಾಗೇ ಇರೋದರಿಂದ ಮಾರನೇ ದಿನವೂ ಮೆತ್ತಗಿರುತ್ತೆ. ಆಯಿಗಾಗಿ ನಾನು ಎಣ್ಣೆಯನ್ನೇ ಆರಿಸಿಕೊಂಡೆ. ಬೆಲ್ಲವೂ ಬರೀ ಸಿಹಿಗಲ್ಲ, ನೀರನ್ನು ಹಿಡಿದಿಟ್ಟುಕೊಳ್ಳುತ್ತೆ. ಹಾಗಾಗಿ ಬೆಲ್ಲ ಅರ್ಧಕ್ಕರ್ಧ ಕಡಿಮೆ ಮಾಡಿದರೆ ಸಿಹಿ ಮಾತ್ರ ಕಡಿಮೆಯಾಗೋಲ್ಲ, ಪಸೆಯೂ ಹೋಗುತ್ತೆ.

ಪೂರ್ತಿ ಗೋಧಿಹಿಟ್ಟಲ್ಲಿ ಮಾಡಬಹುದಾ ಅಂತ ಆಫೀಸಿನಲ್ಲಿ ಎಲ್ಲರೂ ಕೇಳ್ತಾರೆ. ಮಾಡಬಹುದು, ಆದರೆ ಚಪಾತಿ ಹಿಟ್ಟು ಮೈದಾಗಿಂತ ಹೆಚ್ಚು ನೀರು ಕುಡಿಯುತ್ತೆ. ಎರಡು ಮೂರು ದೊಡ್ಡ ಚಮಚ ಮೊಸರು ಹೆಚ್ಚಿಗೆ ಬೇಕು. ತಿಂದಾಗ ಸ್ವಲ್ಪ ತರಿತರಿ ಅನಿಸುತ್ತೆ. ಆಯಿಗೆ ಆ ತರಿ ಆಗಿಬರಲಿಲ್ಲ.

ಇನ್ನು ಕಪ್ಪಿನ ಲೆಕ್ಕ. ಒಂದೇ ಕಪ್ಪಿಗೆ ಮೈದಾವನ್ನು ಚಮಚದಲ್ಲಿ ಹಗುರಾಗಿ ತುಂಬಿದರೆ ಸುಮಾರು 120 ಗ್ರಾಂ, ಡಬ್ಬಿಗೇ ಅದ್ದಿ ಒತ್ತಿ ತೆಗೆದರೆ 150. ನನ್ನ ಮೊದಲ ಮಫಿನ್ ಒಣಗಿದ್ದರ ಗುಟ್ಟು ಅಲ್ಲೇ ಇತ್ತು. ಅಡುಗೆಮನೆ ತಕ್ಕಡಿಗೆ ಕೊಟ್ಟ ದುಡ್ಡು ಆ ತಿಂಗಳ ನನ್ನ ಅತ್ಯುತ್ತಮ ಖರ್ಚು.

ಒಲೆಯಿಂದ ತೆಗೆಯೋ ಹೊತ್ತು

ಕಡ್ಡಿ ಚುಚ್ಚಿದರೆ ಒರೆಸಿಟ್ಟ ಹಾಗೆ ಹೊರಬರಬೇಕು ಅಂತ ಕಾಯಬೇಡಿ. ಹಣ್ಣು ತರಕಾರಿ ಇರೋ ಮಫಿನ್ನಿನಲ್ಲಿ ಕಡ್ಡಿಗೆ ಒಂದೆರಡು ತೇವದ ಪುಡಿ ಅಂಟಿರಬೇಕು. ಹಸಿ ಹಿಟ್ಟು ಅಂಟಿದರೆ ಮಾತ್ರ ಇನ್ನೂ ಮೂರು ನಿಮಿಷ. ಪೂರ್ತಿ ಒಣ ಕಡ್ಡಿ ಬಂತು ಅಂದರೆ ತಡವಾಯ್ತು ಅಂತಲೇ ಅರ್ಥ, ಯಾಕಂದ್ರೆ ಹೊರಗೆ ತೆಗೆದ ಮೇಲೂ ಒಳಗಿನ ಬಿಸಿಯಲ್ಲಿ ಅದು ಬೇಯುತ್ತಲೇ ಇರುತ್ತೆ. ಐದು ನಿಮಿಷ ಬಿಟ್ಟು ಅಚ್ಚಿನಿಂದ ಎಬ್ಬಿಸಿ. ಅಚ್ಚಿನಲ್ಲೇ ಮರೆತರೆ ಆವಿ ಕೂತು ತಳ ಒದ್ದೆಯಾಗುತ್ತೆ. ಬರೀ ಮೈಕ್ರೊವೇವ್ ಇರೋರಿಗೆ ಈ ಬಣ್ಣ ಬರೋಲ್ಲ, ಕನ್ವೆಕ್ಷನ್ ಬೇಕು.

ಬಾಳೆಹಣ್ಣು ಏಲಕ್ಕಿಯೋ ಪಚ್ಚಬಾಳೆಯೋ, ಎರಡೂ ಆಗುತ್ತೆ. ಪಚ್ಚಬಾಳೆಯಲ್ಲಿ ನೀರು ಹೆಚ್ಚು, ಏಲಕ್ಕಿಯಲ್ಲಿ ಪರಿಮಳ ಹೆಚ್ಚು. ಸಿಪ್ಪೆ ಪೂರಾ ಕಪ್ಪು ಚುಕ್ಕೆಯಾಗಿ, ಮನೆಯವರು ಬಿಸಾಡೋಣ ಅನ್ನೋ ಹಂತಕ್ಕೆ ಬಂದಿರಬೇಕು. ಆ ಹೊತ್ತಿಗೆ ಪಿಷ್ಟ ಸಕ್ಕರೆಯಾಗಿರುತ್ತೆ. ಕ್ಯಾರೆಟ್ಟಿನ ಬದಲು ಸೇಬಿನ ತುರಿ, ಸೋರೆಕಾಯಿ ತುರಿ ಹಾಕಬಹುದು. ಸೋರೆಕಾಯಿ ಆದರೆ ಬೆಲ್ಲ ಕಲಸೋ ಮೊದಲೇ ಒಂದು ಸಲ ಹಿಂಡಿ. ಸಿಹಿಗುಂಬಳವನ್ನು ನೀರಲ್ಲಿ ಕುದಿಸಬೇಡಿ, ಹಬೆಯಲ್ಲಿ ಬೇಯಿಸಿ ಕಿವುಚಿ. ಬೀಟ್‌ರೂಟ್ ಹಾಕಿದರೆ ಹಸಿ ಹಿಟ್ಟಿನ ಗುಲಾಬಿ ಬಣ್ಣ ನೋಡಿ ಮರುಳಾಗಬೇಡಿ, ಬೆಂದ ಮೇಲೆ ಕಂದು ತಿರುಗುತ್ತೆ.

ಗೋಡಂಬಿ, ಅಕ್ರೋಟು, ಗಸಗಸೆ, ಎಳ್ಳು ಇವೆಲ್ಲ ನಿಮ್ಮ ಇಷ್ಟ. ಹಲ್ಲಿನ ಸೆಟ್ಟು ಇರೋರಿಗೆ ಮಾಡುವಾಗ ಮಾತ್ರ ದಯವಿಟ್ಟು ಬೇಡ. ಒಂದೇ ಒಂದು ಎಳ್ಳು ಸೆಟ್ಟಿನ ಅಡಿಗೆ ಹೋದರೆ ಆ ದಿನದ ಊಟ ಮುಗಿದ ಹಾಗೆ. ದ್ರಾಕ್ಷಿ ಹಾಕೋದಾದರೆ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಹಿಂಡಿ ಹಾಕಿ. ತುರಿಮಣೆಯ ದೊಡ್ಡ ಕಣ್ಣೂ ಬೇಡ, ಎಳೆ ಎಳೆ ಸಿಗುತ್ತೆ.

ಇದು ತರಕಾರಿ ಮಫಿನ್, ಆರೋಗ್ಯಕ್ಕೆ ಒಳ್ಳೇದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಲೆಕ್ಕ ಹಾಕಿ. 100 ಗ್ರಾಂ ಕ್ಯಾರೆಟ್ ಒಂಬತ್ತು ಭಾಗವಾದರೆ ಒಂದಕ್ಕೆ 11 ಗ್ರಾಂ, ಒಂದು ತುತ್ತು ಪಲ್ಯದಷ್ಟೂ ಇಲ್ಲ. ಬೆಲ್ಲವೂ ಒಂದಕ್ಕೆ 11 ಗ್ರಾಂ, ಎರಡೂವರೆ ಟೀ ಚಮಚ ಸಕ್ಕರೆಗೆ ಸಮ. ಬೆಲ್ಲ ಅಂದ ಮಾತ್ರಕ್ಕೆ ಶುಗರ್ ಇರೋರಿಗೆ ಮಾಫಿ ಇಲ್ಲ. ಕ್ಯಾರೆಟ್ ಇಲ್ಲಿ ಇರೋದು ಪಸೆಗೆ. ನಮ್ಮ ಆಯಿಗೆ ಶುಗರ್ ಇಲ್ಲ, ತೂಕ ಏರಬೇಕಿತ್ತು, ಹಾಗಾಗಿ ನನಗೆ ಇದು ನಡೆಯಿತು.

ಇಡೋದು ಹೇಗೆ ಅಂದರೆ, ಮುಚ್ಚಿದ ಡಬ್ಬಿಯಲ್ಲಿ ಹೊರಗೆ ಎರಡು ದಿನ. ಕರಾವಳಿಯ ಸೆಕೆಯಲ್ಲಿ ಒಂದೇ ದಿನ, ಬೂಸ್ಟು ಬೇಗ ಬರುತ್ತೆ. ಫ್ರಿಜ್ಜಿನ ಕೆಳಗಿನ ಕಪಾಟಿನಲ್ಲಿಟ್ಟರೆ ಪಿಷ್ಟ ಬೇಗ ಬಿರುಸಾಗುತ್ತೆ, ಅನ್ನ ಫ್ರಿಜ್ಜಿನಲ್ಲಿ ಗಟ್ಟಿಯಾಗುತ್ತಲ್ಲ ಹಾಗೆ. ಉಳಿದದ್ದನ್ನು ಒಂದೊಂದಾಗಿ ಸುತ್ತಿ ಫ್ರೀಜರಿಗೆ ಹಾಕಿ. ಬೆಳಿಗ್ಗೆ ಕ್ಯಾಬ್ ಬರೋ ಹತ್ತು ನಿಮಿಷ ಮೊದಲು ತೆಗೆದು ಮೈಕ್ರೊವೇವಿನಲ್ಲಿ ಅರ್ಧ ನಿಮಿಷ ಬಿಸಿ ಮಾಡಿದರೆ ಆವತ್ತೇ ಮಾಡಿದ ಹಾಗಿರುತ್ತೆ. ಮಾಡಿದ ದಿನಕ್ಕಿಂತ ಮಾರನೇ ದಿನವೇ ಇವು ರುಚಿ. ರಾತ್ರಿ ಕಳೆಯೋದರೊಳಗೆ ಹಣ್ಣಿನ ಪಸೆ ಒಳಗೆಲ್ಲ ಹರಡಿರುತ್ತೆ.

ಆ ಮೂರನೇ ಭಾನುವಾರದ ಮಫಿನ್ನನ್ನು ಆಯಿ ಅಡುಗೆಮನೆಯಲ್ಲೇ ನಿಂತು ತಿಂದಳು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಬೆನ್ನು ಹಾಕಿ ನಿಂತಿದ್ದೆ, ನೋಡ್ತಾ ಇದೀನಿ ಅಂತ ಅನಿಸಬಾರದು ಅಂತ. ನೀರಿನ ಲೋಟದ ಸದ್ದಿಗೆ ಕಾಯುತ್ತಿದ್ದೆ. ಬರಲಿಲ್ಲ. ಸ್ವಲ್ಪ ಹೊತ್ತಿಗೆ ಕಾಗದದ ಕಪ್ಪು ಬಿಡಿಸೋ ಸದ್ದು ಇನ್ನೊಂದು ಸಲ ಕೇಳಿಸಿತು.

"ಚೊಲೋ ಆಯ್ದು," ಅಂದಳು. "ಬೆಲ್ಲ ಒಂಚೂರು ಕಡಿಮೆ ಆತು."

ಸೆಟ್ಟನ್ನು ಡಾಕ್ಟರು ಎರಡು ಸಲ ಉಜ್ಜಿ ಸರಿ ಮಾಡಿಕೊಟ್ಟ ಮೇಲೆ ಆಯಿ ಈಗ ದೋಸೆ, ಚಪಾತಿ ಎಲ್ಲ ತಿಂತಾಳೆ, ನಮ್ಮ ಜೊತೆಗೇ ಕೂತು. ಕುಮಟಾಕ್ಕೆ ವಾಪಸ್ ಹೋಗುವಾಗ ಆರು ಅಚ್ಚಿನ ಟ್ರೇ ಒಂದನ್ನು ಚೀಲದಲ್ಲಿ ಸೇರಿಸಿಕೊಂಡು ಹೋದಳು. ಓಟಿಜಿ ಇಲ್ಲದೆ ಅದನ್ನೇನು ಮಾಡ್ತೀಯಾ ಅಂದರೆ, ಇಡ್ಲಿ ಪಾತ್ರೆ ಇದೆಯಲ್ಲ ಅಂದಳು. ಹಲಸಿನ ಹಣ್ಣು ಬಂದ ಕೂಡಲೇ ಮೊದಲ ಪ್ರಯೋಗವಂತೆ. ಸೊಳೆಯನ್ನು ರುಬ್ಬಬೇಕಾ, ಹೆಚ್ಚಬೇಕಾ ಅಂತ ನಿನ್ನೆಯಷ್ಟೇ ಫೋನಿನಲ್ಲಿ ನಮ್ಮಿಬ್ಬರಿಗೂ ಅರ್ಧ ಗಂಟೆ ಜಗಳ ಆಯ್ತು.